ಹಂಪೆ: ಗುಡಿಯ ಜೊತೆಗೆ ಗುಡ್ಡವೂ ಉಳಿಯಬೇಕು

ಶಾಲಾ ಪ್ರವಾಸದಲ್ಲಿ ಹಂಪೆಗೆ ಹೋಗದ ಶಿಕ್ಷಕರು ನಮ್ಮಲ್ಲಿ ವಿರಳ. ಮತಂಗ ಬೆಟ್ಟದ ಮೇಲೆ ನಿಂತು ನೋಡಿದ ನೋಟವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ವಿರೂಪಾಕ್ಷ ದೇವಾಲಯದ ಗೋಪುರ, ಅಚ್ಯುತರಾಯ ದೇವಾಲಯ, ಅಲ್ಲಲ್ಲಿ ಮಂಟಪಗಳು ಕಾಣುತ್ತವೆ. ಆದರೆ ಕಣ್ಣು ತುಂಬುವುದು ಅವುಗಳಿಂದ ಮಾತ್ರವಲ್ಲ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುಂಡು ಬಂಡೆಗಳು, ಅವುಗಳ ನಡುವೆ ನುಸುಳಿ ಹರಿಯುವ ತುಂಗಭದ್ರೆ, ದಡದ ಬಾಳೆ ತೋಟ, ಆಚೆ ದಡದ ಆನೆಗೊಂದಿಯ ಗುಡ್ಡಗಳು, ಇವೆಲ್ಲ ಸೇರಿದರೆ ಮಾತ್ರ ಅದು ಹಂಪೆ. ಈಗ ಬಂಡೆಗಳನ್ನೆಲ್ಲ ಒಡೆದು ಜಲ್ಲಿ ಮಾಡಿ, ಗುಡಿಗಳನ್ನು ಮಾತ್ರ ಬೇಲಿ ಹಾಕಿ ಉಳಿಸಿದ್ದೇವೆ ಎಂದುಕೊಳ್ಳಿ. ಉಳಿದದ್ದನ್ನು ಹಂಪೆ ಎನ್ನಲು ಸಾಧ್ಯವೇ?

ಇದು ಬರಿಯ ಸೌಂದರ್ಯದ ಪ್ರಶ್ನೆಯಲ್ಲ. ಸ್ಮಾರಕದ ಆಯುಷ್ಯ ಅದರ ಸುತ್ತಲಿನ ನೆಲ, ನೀರು, ಶಿಲೆಗಳನ್ನು ಅವಲಂಬಿಸಿದೆ. ಅದು ಹೇಗೆಂದು ನೋಡೋಣ.

ಬಂಡೆಗಳು ದುಂಡಾದದ್ದು ಹೇಗೆ?

ಹಂಪೆಯ ಬಂಡೆಗಳು ಗ್ರಾನೈಟ್ ಜಾತಿಯ ಶಿಲೆಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಶಿಲಾದ್ರವ ನಿಧಾನವಾಗಿ ತಣಿದು ಇವು ರೂಪುಗೊಂಡವು. ಮೇಲಿದ್ದ ಪದರಗಳು ಸವೆದು ಹೋದಂತೆ ಭಾರ ಇಳಿದು ಶಿಲೆಯಲ್ಲಿ ಬಿರುಕುಗಳು ಮೂಡಿದವು. ಉದ್ದ, ಅಡ್ಡ, ಲಂಬವಾಗಿ ಮೂಡಿದ ಈ ಬಿರುಕುಗಳು ಶಿಲೆಯನ್ನು ದೊಡ್ಡ ದೊಡ್ಡ ಇಟ್ಟಿಗೆಗಳಂತೆ ವಿಭಜಿಸಿದವು.

ಮಳೆನೀರು ಗಾಳಿಯ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಬಿರುಕುಗಳಲ್ಲಿ ಇಳಿದ ಈ ನೀರು ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿ ಬದಲಿಸುತ್ತದೆ. ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ಇಟ್ಟಿಗೆಯಾಕಾರದ ಶಿಲೆಯ ಮೂಲೆಗೆ ಮೂರು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ ನೀರು ತಾಗುತ್ತದೆ. ಆದ್ದರಿಂದ ಮೂಲೆಗಳು ಮೊದಲು ಸವೆಯುತ್ತವೆ. ಬೆಲ್ಲದ ಅಚ್ಚೊಂದನ್ನು ನೀರಿನಲ್ಲಿಟ್ಟು ತರಗತಿಯಲ್ಲಿ ಇದನ್ನು ತೋರಿಸಬಹುದು; ಸ್ವಲ್ಪ ಹೊತ್ತಿನಲ್ಲೇ ಅದರ ಮೂಲೆಗಳು ದುಂಡಾಗುತ್ತವೆ. ಮುಂದೆ ಜೇಡಿ, ಮರಳು ಮಳೆಗೆ ಕೊಚ್ಚಿ ಹೋಗಿ ಗಟ್ಟಿ ತಿರುಳುಗಳು ಇದ್ದಲ್ಲೇ ಉಳಿದವು. ಇವೇ ನಾವು ಕಾಣುವ ಗುಂಡುಗಳು. ಯಾರೂ ಅವನ್ನು ತಂದು ಪೇರಿಸಿದ್ದಲ್ಲ.

ಈ ಶಿಥಿಲೀಕರಣ ಇನ್ನೂ ನಿಂತಿಲ್ಲ. ಕಮಲಾಪುರದ ದಾರಿಯಲ್ಲಿ ಒಂದಕ್ಕೊಂದು ಒರಗಿ ನಿಂತಿದ್ದ ಅಕ್ಕ-ತಂಗಿ ಗುಂಡುಗಳಲ್ಲಿ ಒಂದರ ಭಾಗ ಕುಸಿದು ಬಿದ್ದಿರುವುದನ್ನು ನೀವು ನೋಡಿರಬಹುದು. ಪ್ರಕೃತಿ ಇದಕ್ಕೆ ಲಕ್ಷಾಂತರ ವರ್ಷ ತೆಗೆದುಕೊಳ್ಳುತ್ತದೆ. ಸಿಡಿಮದ್ದಿಗೆ ಒಂದು ಕ್ಷಣ ಸಾಕು. ಬಿದ್ದ ಮಂಟಪವನ್ನು ಮತ್ತೆ ಜೋಡಿಸಬಹುದು. ಒಡೆದ ಗುಡ್ಡವನ್ನು ಜೋಡಿಸಲಾಗದು.

ಶಿಲೆಯೇ ಸ್ಮಾರಕ

1336ರಲ್ಲಿ ಸ್ಥಾಪನೆಯಾಯಿತೆನ್ನಲಾದ ವಿಜಯನಗರದ ರಾಜರು ಈ ತಾಣವನ್ನು ರಾಜಧಾನಿ ಮಾಡಿಕೊಂಡದ್ದು ಇಲ್ಲಿನ ಪರಿಸರದ ಬಲದಿಂದಲೇ. ಉತ್ತರಕ್ಕೆ ದಾಟಲು ಕಷ್ಟವಾದ ನದಿ, ಸುತ್ತ ಗುಡ್ಡಗಳ ಕೋಟೆ. ಗುಡ್ಡದಿಂದ ಗುಡ್ಡಕ್ಕೆ ಗೋಡೆ ಕಟ್ಟಿದರೆ ಕೋಟೆ ಪೂರ್ಣವಾಗುತ್ತಿತ್ತು. ಕಟ್ಟಡಕ್ಕೆ ಬೇಕಾದ ಕಲ್ಲು ಅಲ್ಲೇ ಇತ್ತು. ಬಂಡೆಗಳ ಮೇಲೆ ಸಾಲಾಗಿ ಕಾಣುವ ಚಿಕ್ಕ ಕುಳಿಗಳು ಬೆಣೆ ಬಡಿದು ಕಲ್ಲು ಸೀಳಿದ ಗುರುತುಗಳು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ರೂಪುಗೊಂಡ, 6.7 ಮೀಟರ್ ಎತ್ತರದ ಉಗ್ರನರಸಿಂಹನ ಮೂರ್ತಿಯನ್ನು ಒಂದೇ ಬಂಡೆಯಲ್ಲಿ ಕಡೆಯಲಾಗಿದೆ. ಇಲ್ಲಿ ಶಿಲೆ ಎಲ್ಲಿ ಮುಗಿದು ಶಿಲ್ಪ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಹೇಗೆ?

ನೀರಿನ ವಿಷಯವೂ ಹೀಗೆಯೇ. ನದಿಗೆ ಅಡ್ಡಕಟ್ಟೆ ಹಾಕಿ ತಿರುಗಿಸಿದ ತುರ್ತು ಕಾಲುವೆ ಸ್ಮಾರಕಗಳ ನಡುವೆಯೇ ಹಾದು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಕಮಲಾಪುರದ ಕೆರೆ ಇನ್ನೂ ತುಂಬುತ್ತದೆ. ಇವೂ ವಿಜಯನಗರ ಬಿಟ್ಟುಹೋದ ಆಸ್ತಿಗಳೇ. ರೈತ ಬಳಸುತ್ತಿರುವುದರಿಂದಲೇ ಅವು ಜೀವಂತವಾಗಿವೆ.

ಸ್ಮಾರಕಕ್ಕೆ ಅಪಾಯ ಬರುವುದು ಎಲ್ಲಿಂದ?

ತಾಜ್‌ಮಹಲಿನ ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿಯಲ್ಲಿನ ಸಲ್ಫರ್ ಡೈಆಕ್ಸೈಡಿನಿಂದಾಗುವ ಸಲ್ಫ್ಯೂರಿಕ್ ಆಮ್ಲ ಅದನ್ನು ಜಿಪ್ಸಮ್ ಆಗಿ ಬದಲಿಸುತ್ತದೆ. ಅದಕ್ಕಾಗಿಯೇ ಆಗ್ರಾದ ಸುತ್ತ 10,400 ಚದರ ಕಿ.ಮೀ. ಪ್ರದೇಶದ ಕೈಗಾರಿಕೆಗಳ ಮೇಲೆ ನಿರ್ಬಂಧ ಹೇರಲಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಬಗ್ಗೆ ತೀರ್ಪು ನೀಡಿತು. ಗ್ರಾನೈಟಿಗೆ ಆಮ್ಲದ ಭಯ ಅಷ್ಟಿಲ್ಲ. ಅದರ ದೌರ್ಬಲ್ಯ ಬೇರೆ.

ಗ್ರಾನೈಟ್ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಅದರ ಎಳೆತ ಸಾಮರ್ಥ್ಯ ಒತ್ತಡ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗ. ಮಂಟಪದಲ್ಲಿ ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಚಪ್ಪಡಿ ಇರುತ್ತದೆ. ಕಂಬ ಒತ್ತಡಕ್ಕೆ ಒಳಗಾದರೆ, ತೊಲೆಯ ಕೆಳಮೈ ಎಳೆತಕ್ಕೆ ಒಳಗಾಗುತ್ತದೆ. ಒಂದು ಕಂಬದ ಬುಡ ಸ್ವಲ್ಪ ಕುಸಿದರೂ ತೊಲೆ ವಾಲುತ್ತದೆ, ಇಲ್ಲವೇ ಸೀಳುತ್ತದೆ. ಬುಡ ಕುಸಿಯುವುದೇಕೆ? ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಸುತ್ತ ನೀರು ನಿಂತರೆ, ಹಳೆಯ ಚರಂಡಿ ಮುಚ್ಚಿಹೋದರೆ, ಪಕ್ಕದಲ್ಲಿ ಅಡಿಪಾಯ ತೋಡಿದರೆ ತಳದ ಮಣ್ಣು ಸಡಿಲವಾಗುತ್ತದೆ. 2024ರ ಮೇ ತಿಂಗಳ ಮಳೆಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಎಷ್ಟು ಮುಖ್ಯವೆಂದು ಇಂಥ ಘಟನೆಗಳು ನೆನಪಿಸುತ್ತವೆ.

ಕಂಪನ ಎರಡನೆಯ ಅಪಾಯ. ಹಂಪೆಯ ಕೋಟೆಗೋಡೆಗಳಲ್ಲಿ ಭಾರಿ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ಜೋಡಿಸಲಾಗಿದೆ. ಅವನ್ನು ಹಿಡಿದಿಟ್ಟಿರುವುದು ತೂಕ ಮತ್ತು ಘರ್ಷಣೆ ಮಾತ್ರ. ಕಲ್ಲುಗಣಿಯ ಸ್ಫೋಟ, ಭಾರಿ ವಾಹನಗಳ ಓಡಾಟ ನೆಲದಲ್ಲಿ ಅಲೆಗಳನ್ನು ಎಬ್ಬಿಸಿದಾಗ ನಡುವಿನ ಚಿಕ್ಕ ಕಲ್ಲುಗಳು ಜಾರುತ್ತವೆ. ಒಂದು ಸಲಕ್ಕೆ ಏನೂ ಕಾಣದು. ವರ್ಷಗಟ್ಟಲೆ ನಡೆದರೆ ಗೋಡೆ ಉಬ್ಬುತ್ತದೆ.

ಮೂರನೆಯದು ಲವಣ. ಗೋಪುರಗಳ ಮೇಲ್ಭಾಗ ಇಟ್ಟಿಗೆ ಮತ್ತು ಗಾರೆಯದು. ಇವುಗಳ ಸೂಕ್ಷ್ಮ ರಂಧ್ರಗಳಲ್ಲಿ ಸೇರಿದ ನೀರು ಆವಿಯಾಗುವಾಗ ಅದರಲ್ಲಿನ ಲವಣ ಹರಳುಗಟ್ಟಿ, ಒಳಗಿನಿಂದ ತಳ್ಳಿ, ಗಾರೆಯನ್ನು ಉದುರಿಸುತ್ತದೆ.

ಹಾಗೆಂದು ಹಸಿರೆಲ್ಲ ಸ್ಮಾರಕಕ್ಕೆ ಮಿತ್ರನೆನ್ನುವಂತಿಲ್ಲ. ಹಕ್ಕಿಗಳು ಹಾಕುವ ಆಲ, ಅರಳಿ ಬೀಜಗಳು ಗೋಪುರದ ಸಂದಿಯಲ್ಲಿ ಮೊಳೆತರೆ ಬೇರು ದಪ್ಪವಾದಂತೆ ಕಲ್ಲುಗಳನ್ನು ಸರಿಸುತ್ತದೆ. ಯಾವ ಗಿಡ ಎಲ್ಲಿರಬೇಕು ಎಂಬ ವಿವೇಚನೆ ಬೇಕು.

ಬಂಡೆಗಳ ನಡುವಿನ ಜೀವಲೋಕ

ಬರಡಾಗಿ ಕಾಣುವ ಈ ಗುಡ್ಡಗಳು ಬರಡಲ್ಲ. ಗುಂಡುಗಳ ನಡುವಿನ ಗವಿಗಳು ಕರಡಿಗಳಿಗೆ ಮನೆ. ಸಮೀಪದ ದರೋಜಿ ಕರಡಿಧಾಮವನ್ನು 1994ರಲ್ಲಿ ಘೋಷಿಸಲಾಯಿತು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ವಾಸಿಸುವ ಹಳದಿ ಕೊರಳಿನ ಪಿಕಳಾರ ಹಕ್ಕಿಯೂ ಇಲ್ಲಿದೆ. ನದಿಯಲ್ಲಿ ನೀರುನಾಯಿಗಳಿವೆ. ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗುಡ್ಡ ಒಡೆದರೆ ಚರಿತ್ರೆಯ ಜೊತೆಗೆ ಇವುಗಳ ನೆಲೆಯೂ ಹೋಗುತ್ತದೆ.

ಸೇತುವೆ ಕಲಿಸಿದ ಪಾಠ

1986ರಲ್ಲಿ ಯುನೆಸ್ಕೊ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಗೆ ಎರಡು ತೂಗುಸೇತುವೆಗಳ ನಿರ್ಮಾಣ ಆರಂಭವಾದಾಗ, 1999ರಲ್ಲಿ, ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಸೇತುವೆಗಳು ಯಾವ ಗುಡಿಯನ್ನೂ ಕೆಡವುತ್ತಿರಲಿಲ್ಲ. ಆದರೆ ನದಿದಂಡೆಯ ನೋಟವನ್ನು ಕೆಡಿಸುತ್ತಿದ್ದವು. ಭಾರಿ ವಾಹನಗಳನ್ನು ಸ್ಮಾರಕಗಳ ನಡುವೆ ತರುವ ಭಯವಿತ್ತು. ಇನ್ನೊಂದು ಕಡೆ, ಆನೆಗೊಂದಿಯ ಜನ ಹರಿಗೋಲನ್ನು ನಂಬಿ ನದಿ ದಾಟಬೇಕಿತ್ತು. ಆಸ್ಪತ್ರೆ, ಶಾಲೆ, ಸಂತೆಗೆ ಅವರಿಗೆ ದಾರಿ ಬೇಡವೇ? ಎರಡೂ ನ್ಯಾಯವಾದ ಬೇಡಿಕೆಗಳೇ.

2002ರಲ್ಲಿ ಹಂಪೆಗಾಗಿ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರದ ಕಾಯಿದೆ ಬಂದಿತು. 2006ರಲ್ಲಿ ಹಂಪೆ ಅಪಾಯದ ಪಟ್ಟಿಯಿಂದ ಹೊರಬಂದಿತು. 2009ರ ಜನವರಿಯಲ್ಲಿ ಆನೆಗೊಂದಿಯ ಅಪೂರ್ಣ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಮುಂದೆ ಸ್ಮಾರಕಗಳ ನಡುಭಾಗದಿಂದ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ ಸೇತುವೆ ಬಂದಿತು. ಜಾಗದ ಆಯ್ಕೆಯನ್ನು ಮೊದಲೇ ಯೋಚಿಸಿ ಮಾಡಿದ್ದರೆ ಪರಂಪರೆಗೂ ಜನರಿಗೂ ಒಟ್ಟಿಗೆ ಒಳಿತಾಗುತ್ತಿತ್ತು ಎಂಬುದೇ ಇಲ್ಲಿನ ಪಾಠ.

ಕಾನೂನು ಏನನ್ನುತ್ತದೆ?

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿಯಿಂದ ಈ ನಿಯಮ ಕಾಯಿದೆಯ ಭಾಗವಾಗಿದೆ. ಆದರೆ ಮಳೆನೀರಿನ ಹರಿವು, ಅಂತರ್ಜಲ, ಕರಡಿಯ ಓಡಾಟ ಮೀಟರ್ ಲೆಕ್ಕಕ್ಕೆ ಬಗ್ಗುವುದಿಲ್ಲ. ಆದ್ದರಿಂದಲೇ ಹಂಪೆಯಲ್ಲಿ ಒಂದೊಂದೇ ಗುಡಿಯನ್ನಲ್ಲದೆ, ಸುಮಾರು 41.8 ಚದರ ಕಿ.ಮೀ. ಪ್ರದೇಶವನ್ನು ಒಟ್ಟಾಗಿ ಪರಂಪರೆಯ ತಾಣವೆಂದು ಗುರುತಿಸಲಾಗಿದೆ. ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಪರಂಪರೆಯನ್ನು ಕಾಪಾಡುವ ಕರ್ತವ್ಯ, ನಿಸರ್ಗವನ್ನು ಕಾಪಾಡುವ ಕರ್ತವ್ಯ ಒಂದರ ಕೆಳಗೊಂದು ಬರುವುದನ್ನು ಗಮನಿಸಿ.

ನೀವು ಮಾಡಬಹುದಾದದ್ದು

ನಿಮ್ಮೂರಿನಲ್ಲೂ ಹಳೆಯ ಗುಡಿ, ಕೋಟೆ, ಕಲ್ಯಾಣಿ ಇದ್ದೇ ಇರುತ್ತದೆ. ವಿದ್ಯಾರ್ಥಿಗಳೊಂದಿಗೆ ಅದರ ನಕ್ಷೆ ಬರೆಯಿರಿ. ಸುತ್ತ 100 ಮತ್ತು 300 ಮೀಟರುಗಳ ವೃತ್ತ ಎಳೆದು ಅದರೊಳಗಿನ ಬಂಡೆ, ಮರ, ಬಾವಿ, ಮನೆ, ಚರಂಡಿಗಳನ್ನು ಗುರುತಿಸಿ. ಮಳೆ ಬಂದ ದಿನ ಹೋಗಿ ನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಗೋಡೆಯ ಬಿರುಕುಗಳ ಅಗಲವನ್ನು ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಚಿತ್ರ ತೆಗೆದು, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ. ಗಿಡ ಕೀಳುವ, ಸುಣ್ಣ ಬಳಿಯುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಅದು ತಜ್ಞರ ಕೆಲಸ. ನಿಮ್ಮ ದಾಖಲೆಯನ್ನು ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಕೊಡಿ.

ಮುಂದಿನ ಬಾರಿ ಹಂಪೆಗೆ ಹೋದಾಗ ಮಕ್ಕಳಿಗೆ ಕಲ್ಲಿನ ರಥವನ್ನು ತೋರಿಸಿದ ಮೇಲೆ, ಅದರ ಹಿಂದಿನ ಗುಡ್ಡವನ್ನೂ ತೋರಿಸಿ. ಅದು ರಥಕ್ಕಿಂತ ಎಷ್ಟು ಹಳೆಯದೆಂದು ಅವರೇ ಲೆಕ್ಕ ಹಾಕಲಿ.