ತಾನಾಗಿ ಕುಗ್ಗುವ ಶ್ವಾಸಕೋಶ

ಯಾವ ರೋಗದ ಸುಳಿವೂ ಇಲ್ಲದ, ನೀಳಕಾಯದ, ಕೃಶಾಂಗನಾದ ತರುಣನೊಬ್ಬನಿಗೆ, ಭಾರವೆತ್ತದೆ, ಓಡದೆ, ಸುಮ್ಮನೆ ಕುಳಿತಿರುವಾಗಲೇ, ಎದೆಯ ಒಂದು ಪಾರ್ಶ್ವದಲ್ಲಿ ತೀಕ್ಷ್ಣವಾದ ವೇದನೆಯೆದ್ದು ಉಸಿರಾಟವೇ ಪ್ರಯಾಸವಾಗುವುದುಂಟು. ಶ್ವಾಸಕೋಶವು ತಾನಾಗಿ ಕುಗ್ಗಿರುವುದು ಇದಕ್ಕೆ ಕಾರಣವಾಗಿರಬಹುದು; ವೈದ್ಯರು ಈ ಸ್ಥಿತಿಯನ್ನು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಹಿಂದೆ ಇದು ಬಹುಮಟ್ಟಿಗೆ ಕ್ಷಯದ ಫಲವೆಂದೇ ಬಗೆಯಲಾಗಿದ್ದಿತು. 1932ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ಯೆರ್ಗಾರ್ಡ್ ಅವರು ಆರೋಗ್ಯವಂತರಲ್ಲಿಯೂ ಇದು ಸಂಭವಿಸುವುದೆಂದು ವಿಶದಪಡಿಸಿದರು.

ಇಂತಹವರ ಶ್ವಾಸಕೋಶದ ಶಿಖರಭಾಗದಲ್ಲಿ, ಹೊರಪೊರೆಯ ಅಡಿಯಲ್ಲಿ, ನೀರಿನ ಮೇಲಣ ಬುದ್ಬುದಗಳಂತೆ ತೆಳುವಾದ ಗಾಳಿಗುಳ್ಳೆಗಳು ಅನೇಕ ವೇಳೆ ಬೆಳೆದಿರುತ್ತವೆ. ಅವುಗಳಲ್ಲೊಂದು ಒಡೆದೊಡನೆ, ಗಾಳಿಯು ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವಣ ಅವಕಾಶಕ್ಕೆ ಸೋರಿ, ಶ್ವಾಸಕೋಶವನ್ನು ಅರಳಿಸಿ ಹಿಡಿದಿದ್ದ ಋಣಾತ್ಮಕ ಒತ್ತಡವು ಅಳಿದು, ಅದು ತನ್ನ ಸಹಜ ಸ್ಥಿತಿಸ್ಥಾಪಕತೆಯಿಂದಲೇ ಕುಗ್ಗತೊಡಗುತ್ತದೆ. ಎತ್ತರದ ದೇಹದಲ್ಲಿ ಶಿಖರದ ಮೇಲಣ ಸೆಳೆತವು ಅಧಿಕ. ಧೂಮಪಾನವೂ ಇದರೊಡನೆ ಕೂಡಿದರೆ, ಕಿರುಶ್ವಾಸನಾಳಗಳು ಉರಿಯೂತಕ್ಕೆ ಗುರಿಯಾಗಿ, ಅಪಾಯವು ಹಲವು ಮಡಿ ಹೆಚ್ಚುತ್ತದೆ. ಕೆಲವು ಕುಟುಂಬಗಳಲ್ಲಿ ಇದು ಆನುವಂಶಿಕವೂ ಹೌದು.

ಒಮ್ಮೆ ಬಂದದ್ದು ಮರುಕಳಿಸುವುದು ವಿರಳವಲ್ಲ. ಸೋರಿದ ಗಾಳಿಯ ಒತ್ತಡವು ಏರುತ್ತಲೇ ಹೋದರೆ ಹೃದಯಕ್ಕೂ ಬಾಧೆ ತಟ್ಟಿ ಪ್ರಾಣಾಪಾಯ ಒದಗಬಹುದು. ಇಂತಹ ನೋವನ್ನು ಗ್ಯಾಸ್ಟ್ರಿಕ್ ಎಂದು ಬಗೆದು ಮನೆಯಲ್ಲಿಯೇ ಕಾಲ ಕಳೆಯುವ ತರುಣರನ್ನು ನೆನೆದಾಗ ಮನಸ್ಸು ಕಳವಳಗೊಳ್ಳುತ್ತದೆ. ಎದೆಯ ಒಂದು ಎಕ್ಸ್-ರೇ ಸಾಮಾನ್ಯವಾಗಿ ಇದನ್ನು ತೋರಿಸಿಕೊಡುತ್ತದೆ.