ರಕ್ತಪರೀಕ್ಷೆಯ ವರದಿ: ಸಕ್ಕರೆಯನ್ನೂ ಮೂತ್ರಪಿಂಡವನ್ನೂ ಕೂಡಿಸಿ ನೋಡೋಣ

ಶರಣಧರ್ಮದಲ್ಲಿ ಕಾಯವು ಕಡೆಗಣಿಸತಕ್ಕ ವಸ್ತುವಲ್ಲ. ಇಷ್ಟಲಿಂಗವನ್ನು ಧರಿಸುವುದು ಕಾಯದ ಮೇಲೆ. ಕಾಯಕ, ದಾಸೋಹಗಳು ನಡೆಯುವುದು ಕಾಯದಿಂದ. ಆದರೂ ರಕ್ತಪರೀಕ್ಷೆಯ ವರದಿ ಕೈಸೇರಿದಾಗ ನಮ್ಮಲ್ಲಿ ಕೆಲವರು ಒಂದೇ ಅಂಕಿಗೆ ಬೆದರುತ್ತೇವೆ, ಕೆಲವರು ಅದನ್ನು ಮಡಿಸಿಟ್ಟು ಮರೆಯುತ್ತೇವೆ. ಎರಡೂ ತರವಲ್ಲ.

ಬರಿಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸಹಜ. 100ರಿಂದ 125 ಎಚ್ಚರಿಕೆಯ ಹಂತ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಈ ಗಡಿ ಶೇ. 6.5. ರೋಗಲಕ್ಷಣಗಳಿಲ್ಲದವರಲ್ಲಿ ಮರುಪರೀಕ್ಷೆಯಿಂದಲೇ ನಿರ್ಣಯವಾಗಬೇಕು.

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡಗಳ ಮೂಲಕ ಹೊರಹೋಗುವ ತ್ಯಾಜ್ಯ. ಕೃಶಕಾಯದ ವೃದ್ಧರಲ್ಲಿ ಸ್ನಾಯು ಕಡಿಮೆಯಿರುವುದರಿಂದ ಈ ಅಂಕಿ ಸಹಜವೆಂದು ಕಂಡರೂ ಮೂತ್ರಪಿಂಡಗಳು ಬಳಲಿರಬಹುದು. ಆದಕಾರಣ ವಯಸ್ಸನ್ನೂ ಗಣಿಸಿ ಹೇಳುವ ಇಜಿಎಫ್‌ಆರ್ ಅಂಕಿಯನ್ನು ನೋಡಬೇಕು. ಅದು ಮೂರು ತಿಂಗಳಿಗೂ ಮೀರಿ 60ರ ಕೆಳಗೇ ಉಳಿದರೆ ದೀರ್ಘಕಾಲದ ಮೂತ್ರಪಿಂಡ ರೋಗವೆಂದು ತಿಳಿಯಲಾಗುತ್ತದೆ. ಮಧುಮೇಹಿಗಳಲ್ಲಿ ಹಾನಿಯ ಮೊದಲ ಸುಳಿವು ಬಹುಮಟ್ಟಿಗೆ ರಕ್ತದಲ್ಲಲ್ಲ, ಮೂತ್ರದಲ್ಲಿ ಸೋರುವ ಆಲ್ಬುಮಿನ್‌ನಲ್ಲಿ ಕಾಣಿಸುತ್ತದೆ. ಆಗ ನೋವಿಲ್ಲ, ಬಾವಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಮೂತ್ರಪರೀಕ್ಷೆಯೂ ಆಗಬೇಕು.

ಇಲ್ಲಿ ವಿಶೇಷವಾಗಿ ಅರಿಯಬೇಕಾದ ಸಂಗತಿಯೊಂದಿದೆ. ವರ್ಷಗಳಿಂದ ಏರಿದ್ದ ಸಕ್ಕರೆ ಕಾರಣವಿಲ್ಲದೆ ಇಳಿಯತೊಡಗಿದರೆ ರೋಗ ವಾಸಿಯಾಯಿತೆಂದು ಹಿರಿಯರು ಸಂತೋಷಪಡುವುದುಂಟು. ಮೂತ್ರಪಿಂಡಗಳು ಕ್ಷೀಣಿಸಿದಾಗ ಇನ್ಸುಲಿನ್ ಹಾಗೂ ಕೆಲವು ಮಾತ್ರೆಗಳು ಶರೀರದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದಲೂ ಸಕ್ಕರೆ ಇಳಿಯುತ್ತದೆ. ಅದು ವಾಸಿಯ ಗುರುತಲ್ಲ, ಅಪಾಯದ ಕರೆಯಾಗಿರಬಹುದು. ಒಡನೆ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗುವುದು ಬೇಡ. ಅವುಗಳಲ್ಲಿ ಹಲವು ಮೂತ್ರಪಿಂಡಗಳಿಗೆ ಹಾನಿಕರ. ರಕ್ತದೊತ್ತಡ ಹತೋಟಿಯಲ್ಲಿರಲಿ, ಉಪ್ಪು ಮಿತವಾಗಿರಲಿ. ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದು. ಪ್ರಸಾದವನ್ನು ಚೆಲ್ಲುವುದು ನಮ್ಮ ಪದ್ಧತಿಯಲ್ಲ; ಆದ್ದರಿಂದ ನೀಡಿಸಿಕೊಳ್ಳುವಾಗಲೇ ಸಿಹಿಯನ್ನು ಮಿತಗೊಳಿಸೋಣ. ಬಡಿಸುವವರೂ ಬಲವಂತ ಮಾಡದಿರಲಿ.

ಹಳೆಯ ವರದಿಗಳನ್ನೆಲ್ಲ ಜೋಡಿಸಿಟ್ಟುಕೊಂಡು ವೈದ್ಯರ ಬಳಿಗೆ ಹೋಗೋಣ. ಒಂದು ಅಂಕಿ ಹೇಳದ ಸತ್ಯವನ್ನು ವರ್ಷಗಳ ಅಂಕಿಗಳು ಹೇಳುತ್ತವೆ. ಕಾಯವನ್ನು ಅರಿತು ಕಾಪಾಡಿಕೊಳ್ಳುವುದೂ ಶರಣಮಾರ್ಗದ ನಡೆಯೇ ಆಗಿದೆ.