ಹಂದಿ ಮುಟ್ಟದವರ ತಲೆಗೂ ಹುಳ ಸೇರುವುದು ಹೇಗೆ?



ಕೆಲವು ವರ್ಷಗಳ ಹಿಂದೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಒಬ್ಬ ಸದಸ್ಯೆ ಐದು ಸಾವಿರ ರೂಪಾಯಿ ಸಾಲ ಕೇಳಿದರು. ಯಾತಕ್ಕೆ ಅಂತ ಕೇಳಿದರೆ ‘ಮನೆ ಖರ್ಚಿಗೆ’ ಎಂದರು. ಸಭೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ನಿಜ ಹೊರಬಂತು. ಹದಿನಾರು ವರ್ಷದ ಮಗಳಿಗೆ ಮೂರು ಸಲ ಫಿಟ್ಸ್ ಬಂದಿತ್ತು. ಗಾಳಿ ಸೋಕಿದೆ ಎಂದು ಯಾರೋ ಹೇಳಿದ್ದರು. ತಾಯಿತ ಕಟ್ಟಿಸಲು, ಮಂತ್ರ ಹಾಕಿಸಲು ಆ ಹಣ ಬೇಕಿತ್ತು. ‘ಹೊರಗೆ ಗೊತ್ತಾದರೆ ನನ್ನ ಮಗಳನ್ನ ಯಾರು ಮದುವೆ ಆಗ್ತಾರೆ ಸಿಸ್ಟರ್?’ ಎಂದು ಕಣ್ಣೀರು ಹಾಕಿದರು.

ಹುಡುಗಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಮಾಡಿದಾಗ ಮೆದುಳಿನಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು. ಅದು ಲಾಡಿಹುಳದ ಮರಿ ಇರುವ ಗುಳ್ಳೆ, ಹಂದಿಯಲ್ಲಿ ಬೆಳೆಯುವ ಜಾತಿ ಎಂದರು ಡಾಕ್ಟರು. ತಾಯಿ ದಂಗಾಗಿಬಿಟ್ಟರು. ‘ನಮ್ಮ ಮನೇಲಿ ಮೊಟ್ಟೆ ಕೂಡ ಮುಟ್ಟೋದಿಲ್ಲ. ಹಂದಿ ಹುಳ ಎಲ್ಲಿಂದ ಬಂತು?’

ಈ ಪ್ರಶ್ನೆಗೆ ಉತ್ತರ ಎಲ್ಲ ಮನೆಗಳಿಗೂ ಗೊತ್ತಿರಬೇಕು. ಅದಕ್ಕಾಗಿಯೇ ಈ ಲೇಖನ.

ಹುಳಕ್ಕೆ ಎರಡು ದಾರಿ

ಮೊದಲನೇ ದಾರಿ: ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ಕೆಲವೊಮ್ಮೆ ಸಬ್ಬಕ್ಕಿಯಂಥ ಬಿಳಿ ಗುಳ್ಳೆಗಳಿರುತ್ತವೆ. ಅದನ್ನು ತಿಂದವರ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಅದು ಎರಡು ಮೀಟರಿಗಿಂತಲೂ ಉದ್ದವಾಗಬಹುದು. ಆದರೂ ಆ ವ್ಯಕ್ತಿಗೆ ಹೆಚ್ಚೇನೂ ತೊಂದರೆ ಕಾಣಿಸದೆ ಇರಬಹುದು.

ಎರಡನೇ ದಾರಿಯೇ ಅಪಾಯಕಾರಿ. ಕರುಳಿನಲ್ಲಿ ಹುಳ ಇರುವವರ ಮಲದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಮೊಟ್ಟೆಗಳು ಹೊರಬರುತ್ತವೆ. ಬಯಲಿಗೆ ಹೋದರೆ ಅವು ಮಣ್ಣಿಗೆ, ನೀರಿಗೆ, ತರಕಾರಿಗೆ ಸೇರುತ್ತವೆ. ಕೈ ತೊಳೆಯದೆ ಅಡುಗೆ ಮಾಡಿದರೆ ಉಗುರಿನ ಸಂದಿಯಿಂದ ಊಟಕ್ಕೆ ಸೇರುತ್ತವೆ. ಈ ಮೊಟ್ಟೆ ಹೊಟ್ಟೆಗೆ ಹೋದರೆ ಅದರೊಳಗಿನ ಮರಿ ಕರುಳನ್ನು ತೂರಿ, ರಕ್ತದ ಜೊತೆ ಮಾಂಸಖಂಡಕ್ಕೆ, ಕಣ್ಣಿಗೆ, ಮೆದುಳಿಗೆ ಹೋಗಿ ನೆಲೆಸುತ್ತದೆ. ಮೆದುಳಿಗೆ ಸೇರಿದರೆ ಆ ಕಾಯಿಲೆಗೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ಹೀಗಾಗಿ ತಲೆಗೆ ಹುಳ ಬರುವುದು ಹಂದಿ ಮಾಂಸದಿಂದ ನೇರವಾಗಿ ಅಲ್ಲ, ಮನುಷ್ಯರ ಮಲದಿಂದ. ಎಲೆಕೋಸಿನಲ್ಲಿ ಕಾಣುವ ಹಸಿರು ಹುಳ ತಲೆಗೆ ಹೋಗುತ್ತದೆ ಅನ್ನುವ ಮಾತೂ ತಪ್ಪು. ಆ ಹುಳವೇ ಬೇರೆ. ಆದರೆ ಕೊಳಕು ನೀರು ಬಿದ್ದ ಎಲೆಕೋಸು, ಕ್ಯಾರೆಟ್, ಕೊತ್ತಂಬರಿಯನ್ನು ತೊಳೆಯದೆ ಹಸಿಯಾಗಿ ತಿಂದರೆ ಮೊಟ್ಟೆ ಹೊಟ್ಟೆ ಸೇರಬಹುದು.

ಮೆದುಳಿನಲ್ಲಿ ಏನಾಗುತ್ತದೆ?

ಗುಳ್ಳೆಯೊಳಗಿನ ಮರಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ನಮ್ಮ ದೇಹದ ರೋಗನಿರೋಧಕ ಶಕ್ತಿಗೆ ತಾನು ಸಿಗದಂತೆ ನೋಡಿಕೊಳ್ಳುತ್ತದೆ. ಅದು ಸಾಯತೊಡಗಿದಾಗ ದೇಹ ಅದನ್ನು ಗುರುತಿಸಿ ಹೋರಾಟಕ್ಕೆ ಇಳಿಯುತ್ತದೆ. ಆಗ ಸುತ್ತ ಊತ ಬರುತ್ತದೆ. ಮೆದುಳಿನ ನರಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್ತಿನಿಂದ ಸುದ್ದಿ ಕಳಿಸುತ್ತವೆ. ಊತ ಇರುವ ಕಡೆ ಈ ವಿದ್ಯುತ್ತು ಅಂಕೆ ಮೀರುತ್ತದೆ. ಅದೇ ಫಿಟ್ಸ್. ಕೆಲವರಿಗೆ ತಲೆನೋವು, ವಾಂತಿ, ಕಣ್ಣು ಮಂಜಾಗುವುದೂ ಇರುತ್ತದೆ.

ಹಿಂದೆ ಇಂಡಿಯಾದಲ್ಲಿದ್ದು ಹೋದ ಬ್ರಿಟಿಷ್ ಸೈನಿಕರಲ್ಲಿ ಹಲವರಿಗೆ ತಮ್ಮ ಊರಿಗೆ ಮರಳಿ ವರ್ಷಗಳಾದ ಮೇಲೆ ಫಿಟ್ಸ್ ಶುರುವಾಯಿತು. ಅಂಥ 450 ರೋಗಿಗಳ ಅಧ್ಯಯನ 1961ರಲ್ಲಿ ಪ್ರಕಟವಾಯಿತು. ಹುಳ ಇಂದು ಹೊಕ್ಕರೆ ಕಾಯಿಲೆ ಎಷ್ಟೋ ವರ್ಷಗಳ ನಂತರ ಕಾಣಿಸಬಹುದು ಎಂಬುದು ಅದರಿಂದ ಸ್ಪಷ್ಟವಾಯಿತು.

ಸಂಶೋಧನೆಯಿಂದ ತಿಳಿದದ್ದು

ನಮ್ಮ ಸದಸ್ಯೆ ಕೇಳಿದ ಪ್ರಶ್ನೆಯೇ ಅಮೆರಿಕದ ನ್ಯೂಯಾರ್ಕ್ ನಗರದಲ್ಲೂ ಎದ್ದಿತ್ತು. ಅಲ್ಲಿ ಹಂದಿಯನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ನಾಲ್ವರಿಗೆ ಈ ಕಾಯಿಲೆ ಬಂತು. ಹುಡುಕಿದಾಗ, ಈ ಹುಳ ಹೆಚ್ಚಾಗಿರುವ ದೇಶಗಳಿಂದ ಬಂದ ಮನೆಗೆಲಸದವರ ಕರುಳಿನಲ್ಲಿದ್ದ ಲಾಡಿಹುಳದಿಂದಲೇ ಇದು ಹರಡಿರಬೇಕು ಎಂದು ಕಂಡುಬಂತು. 1992ರಲ್ಲಿ ಇದು ಪ್ರಕಟವಾಯಿತು. ಇದರಲ್ಲಿ ಕೆಲಸದವರ ತಪ್ಪೇನೂ ಇಲ್ಲ. ತಮ್ಮ ಹೊಟ್ಟೆಯಲ್ಲಿ ಹುಳ ಇರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ನಮ್ಮ ಸದಸ್ಯರಲ್ಲೂ ಮನೆಗೆಲಸಕ್ಕೆ ಹೋಗುವವರಿದ್ದಾರೆ. ಯಾರನ್ನೂ ದೂರುವುದು ಬೇಡ, ಎಲ್ಲರೂ ಕೈ ತೊಳೆಯೋಣ.

ನಮ್ಮ ದೇಶದಲ್ಲಿ ಫಿಟ್ಸ್ ಬಂದವರ ಸ್ಕ್ಯಾನಿಂಗ್‌ನಲ್ಲಿ ಒಂದು ಸಣ್ಣ ಚುಕ್ಕೆ ಕಂಡರೆ ಮೊದಲೆಲ್ಲ ಅದನ್ನು ಟಿ.ಬಿ. ಗಂಟು ಎಂದು ತಿಳಿದು ತಿಂಗಳುಗಟ್ಟಲೆ ಟಿ.ಬಿ. ಔಷಧಿ ಕೊಡುತ್ತಿದ್ದದ್ದುಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮ್ಯಾಥ್ಯೂ ಚಾಂಡಿ, ಡಾ. ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿದರು. ಹಲವರಲ್ಲಿ ಅದು ಟಿ.ಬಿ. ಅಲ್ಲ, ಲಾಡಿಹುಳದ ಗುಳ್ಳೆ ಎಂದು 1991ರಲ್ಲಿ ತೋರಿಸಿಕೊಟ್ಟರು. ಇಂಥ ಒಂಟಿ ಚುಕ್ಕೆ ಅನೇಕರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ ಎಂಬುದೂ ತಿಳಿಯಿತು.

ಬೆಂಗಳೂರಿನ ನಿಮ್ಹಾನ್ಸ್‌ನವರು ನಗರ ಮತ್ತು ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ವರದಿ ಕೊಟ್ಟರು. ಸಾವಿರಕ್ಕೆ ಸುಮಾರು 9 ಜನರಿಗೆ ಮೂರ್ಛೆರೋಗ ಇತ್ತು. ಪೇಟೆಗಿಂತ ಹಳ್ಳಿಯಲ್ಲಿ ಎರಡು ಪಟ್ಟು. ಎಲ್ಲ ಫಿಟ್ಸ್ ಹುಳದಿಂದಲೇ ಬರುವುದಿಲ್ಲ. ತಲೆಗೆ ಪೆಟ್ಟು, ಹೆರಿಗೆಯ ತೊಂದರೆ, ಮೆದುಳುಜ್ವರ, ಪಾರ್ಶ್ವವಾಯು ಹೀಗೆ ಕಾರಣಗಳು ಹಲವು. ಆದರೆ ಈ ಹುಳ ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂರ್ಛೆರೋಗಿಗಳ ಪೈಕಿ ಸುಮಾರು ನೂರಕ್ಕೆ 30 ಜನರಿಗೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಔಷಧಿ ಇದೆ, ತಾಳ್ಮೆ ಬೇಕು

ಫಿಟ್ಸ್ ತಡೆಯುವ ಮಾತ್ರೆ ಮುಖ್ಯ. ಅಗತ್ಯವಿದ್ದರೆ ಹುಳ ಸಾಯಿಸುವ ಆಲ್ಬೆಂಡಜೋಲ್, ಜೊತೆಗೆ ಊತ ಇಳಿಸುವ ಔಷಧಿ ಕೊಡುತ್ತಾರೆ. ‘ಹುಳದ ಮಾತ್ರೆ ತಾನೆ’ ಎಂದು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಮೆದುಳಿನ ಗುಳ್ಳೆಗಳು ಒಮ್ಮೆಲೇ ಸತ್ತರೆ ಊತ ಹೆಚ್ಚಿ ಅಪಾಯವಾಗಬಹುದು. ಶಾಲೆ, ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆ ಕೊಡುವಾಗ ಮಗುವಿಗೆ ಫಿಟ್ಸ್ ಬರುತ್ತಿದ್ದರೆ ಮೊದಲೇ ಆಶಾ ಕಾರ್ಯಕರ್ತೆಗೆ ತಿಳಿಸಿ.

ನಾಲ್ಕು ತಿಂಗಳು ಫಿಟ್ಸ್ ಬರಲಿಲ್ಲ ಎಂದು ಮಾತ್ರೆ ಬಿಟ್ಟುಬಿಡುವವರನ್ನು ನಾವು ಬಹಳ ಕಂಡಿದ್ದೇವೆ. ಹಠಾತ್ತನೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರಳಬಹುದು. ಗರ್ಭಿಣಿಯರೂ ತಾವಾಗಿಯೇ ನಿಲ್ಲಿಸಬಾರದು. ಮಗು ಬೇಕು ಅನ್ನುವಾಗಲೇ ಡಾಕ್ಟರರಿಗೆ ಹೇಳಿದರೆ ತಕ್ಕ ಮಾತ್ರೆ ಬರೆಯುತ್ತಾರೆ.

ಕಣ್ಣೆದುರು ಫಿಟ್ಸ್ ಬಂದರೆ

* ಗಾಬರಿ ಬೇಡ. ಬೆಂಕಿ, ನೀರು, ಚೂಪಾದ ವಸ್ತುಗಳಿಂದ ದೂರ ಮಾಡಿ.
* ತಲೆಯಡಿ ಮೆತ್ತನೆ ಬಟ್ಟೆ ಇಟ್ಟು ಒಂದು ಮಗ್ಗುಲಿಗೆ ಹೊರಳಿಸಿ.
* ಬಾಯಿಗೆ ಚಮಚ, ನೀರು, ಔಷಧಿ ಏನನ್ನೂ ಹಾಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ.
* ಕೈಗೆ ಬೀಗದಕೈ, ಕಬ್ಬಿಣ ಕೊಟ್ಟರೆ ಪ್ರಯೋಜನ ಇಲ್ಲ. ಫಿಟ್ಸ್ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ.
* ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ.

ಮದುವೆಯ ಮಾತು

ಹಿಂದೂ ವಿವಾಹ ಕಾಯಿದೆ ಮತ್ತು ವಿಶೇಷ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂಬ ಮಾತಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾನೂನು ಬದಲಾಗಿದೆ, ನಮ್ಮ ನಾಲಿಗೆ ಬದಲಾಗಬೇಕಷ್ಟೆ. ಮದುವೆಯಲ್ಲಿ ಮುಚ್ಚಿಟ್ಟರೆ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಹೆದರುತ್ತಾಳೆ, ಬಿಟ್ಟುಬಿಡುತ್ತಾಳೆ. ಮೊದಲೇ ಹೇಳಿ ಒಪ್ಪಿಸುವುದೇ ಆಕೆಯ ಜೀವಕ್ಕೆ ಕ್ಷೇಮ.

ಸಂಘ ಏನು ಮಾಡಬಹುದು?

ಪೆರು ದೇಶದ ತುಂಬೆಸ್ ಎಂಬ ಪ್ರದೇಶದಲ್ಲಿ ಜನರಿಗೂ ಹಂದಿಗಳಿಗೂ ಒಟ್ಟಿಗೆ ಔಷಧಿ, ಹಂದಿಗಳಿಗೆ ಲಸಿಕೆ ಕೊಟ್ಟರು. 107 ಹಳ್ಳಿಗಳ ಪೈಕಿ 105ರಲ್ಲಿ ಕಾಯಿಲೆ ಇರುವ ಹಂದಿ ಸಿಗಲೇ ಇಲ್ಲ ಎಂದು 2016ರಲ್ಲಿ ವರದಿಯಾಯಿತು. ಊರು ಒಟ್ಟಾದರೆ ಈ ಹುಳವನ್ನು ಓಡಿಸಬಹುದು. ನಮ್ಮ ಕೈಲಾಗುವುದು ಇಷ್ಟು:

* ಕಟ್ಟಿಸಿದ ಶೌಚಾಲಯದಲ್ಲಿ ಸೌದೆ ತುಂಬಿದ್ದರೆ ಖಾಲಿ ಮಾಡಿ, ಬಳಸಿ.
* ಶೌಚದ ನಂತರ, ಅಡುಗೆ ಮತ್ತು ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಉಗುರು ಕತ್ತರಿಸಿ.
* ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಯನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.
* ಹಂದಿ ಸಾಕುವವರು ಗೂಡಿನಲ್ಲೇ ಕಟ್ಟಿ ಸಾಕಿ. ಹಬ್ಬದ ಅಡುಗೆಯಲ್ಲಿ ಮಾಂಸ ಒಳಗಿನ ತನಕ ಬೇಯಲಿ.
* ಮಲದಲ್ಲಿ ಬಿಳಿ ಲಾಡಿಯ ತುಂಡಿನಂಥದ್ದು ಕಂಡರೆ ನಾಚದೆ ಡಾಕ್ಟರರಿಗೆ ಹೇಳಿ.
* ಫಿಟ್ಸ್ ಇರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ದಿನ ಸಂಘದವರು ಐದು ಸಾವಿರ ಸಾಲ ಕೊಟ್ಟರು. ಹಣ ಸ್ಕ್ಯಾನಿಂಗ್‌ಗೆ, ಬಸ್ಸಿಗೆ, ಮಾತ್ರೆಗೆ ಹೋಯಿತು. ಹುಡುಗಿಯ ಚುಕ್ಕೆ ಕರಗಿತು, ಡಾಕ್ಟರರು ಹೇಳಿದಷ್ಟು ದಿನ ಅವಳು ಮಾತ್ರೆ ನುಂಗಿದಳು. ಈಗ ಹೊಲಿಗೆ ಕಲಿತು ತಾನೇ ಒಂದು ಸಂಘದ ಸದಸ್ಯೆಯಾಗಿದ್ದಾಳೆ. ಸಾಲ ತೀರಿ ಬಹಳ ದಿನವಾಯಿತು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಫಿಟ್ಸ್ ಇರುವವರನ್ನು ನಾವು ಹೇಗೆ ನೋಡುತ್ತೇವೆ?
2. ನಮ್ಮ ಸದಸ್ಯರಲ್ಲಿ ಎಷ್ಟು ಮನೆಯವರು ಎಲ್ಲರೂ ಶೌಚಾಲಯ ಬಳಸುತ್ತಾರೆ?
3. ಕಾಯಿಲೆಗೆ ಸಾಲ ಕೇಳುವವರು ನಿಜ ಹೇಳಲು ಹೆದರುವುದು ಏಕೆ? ಆ ಹೆದರಿಕೆ ಹೋಗಲು ಸಂಘ ಏನು ಮಾಡಬೇಕು?